ನಮ್ಮ ಬಯಲು ಪಾಳು ನೆಲವಲ್ಲ

ಇಂಥ ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಏಳಿಗೆಯನ್ನೂ, ಉಪಾಧ್ಯಾಯಿನಿಯರ ಪರಿಶ್ರಮವನ್ನೂ, ಹಳೆಯ ವಿದ್ಯಾರ್ಥಿನಿಯರ ಕೀರ್ತಿಯನ್ನೂ ಕುರಿತು ಬರೆಯುವದು ವಾಡಿಕೆ. ಈ ಸಲ ನಾವು ಆ ವಾಡಿಕೆಯನ್ನು ತುಸು ಬದಿಗಿರಿಸಿ, ನಮ್ಮ ಸೀಮೆಯ ನೆಲವನ್ನೂ, ಆ ನೆಲದ ಮೇಲೆ ನಮಗಿಂತ ಮೊದಲಿನಿಂದ ಬಾಳಿಕೊಂಡು ಬಂದ ಮೂಕ ಪ್ರಾಣಿಗಳನ್ನೂ ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬಯಸುವೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲೂಕುಗಳ ಹಳ್ಳಿಗಳಿಂದ ನಮ್ಮಲ್ಲಿ ಎಷ್ಟೋ ಜನರು ಈ ಶಾಲೆಗೆ ಬಂದವರು. ಈಗ ಆ ತಾಲೂಕುಗಳು ಒಡೆದು ಹಲವಾಗಿರುವವು; ಆದರೆ ನೆಲ ಒಂದೇ. ಆದ್ದರಿಂದ ಇದು ಪರರ ಮಾತಲ್ಲ, ತವರಿನ ಮಾತು.

ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವೆವು. ನಾವು ವಿದ್ಯಾರ್ಥಿನಿಯರಾಗಿದ್ದಾಗ ಒಂದು ಮಳೆಗಾಲದಲ್ಲಿ ವನಮಹೋತ್ಸವದ ನಿಮಿತ್ತವಾಗಿ ಹಳ್ಳಿಯೊಂದರ ಗಾಯರಾಣಕ್ಕೆ ಸಾಲುಗಟ್ಟಿ ಹೋದೆವು. ಅಲ್ಲಿ ನೀಲಗಿರಿಯ ಸಸಿಗಳನ್ನು ನೆಟ್ಟು, ಹಾಡು ಹೇಳಿ, ಬೆಲ್ಲ ಚುರಮುರಿ ತಿಂದು, ಪುಣ್ಯಕಾರ್ಯ ಮಾಡಿದ ಸಂತೋಷದಿಂದ ಹಿಂದಿರುಗಿದೆವು. ಹೊರಡುವಾಗ ಮುದುಕನಾದ ಕುರಿಗಾರನೊಬ್ಬನು ಕೋಲೂರಿ ನಿಂತು, "ಯವ್ವಾ ತಂಗೀ, ಇಲ್ಲಿ ಗಿಡಾ ಹಚ್ಚಿದರ ನಮ್ಮ ಕುರಿ ಎಲ್ಲಿ ಮೇಯಬೇಕು?" ಎಂದು ಕೇಳಿದನು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವೇ ಹೊರತು ಉತ್ತರ ಕೊಡಲಿಲ್ಲ. ಸಸಿಗಳಲ್ಲಿ ಹೆಚ್ಚಿನವು ಮುಂದಿನ ಬೇಸಗೆಗೇ ಒಣಗಿದವು. ಉಳಿದವು ಬೆಳೆದು ನಿಂತವು. ಅವುಗಳ ಕೆಳಗೆ ಹುಲ್ಲು ಬೆಳೆಯಲಿಲ್ಲ. ಕಾಲಿಟ್ಟಲ್ಲಿ ಪುರ್ರೆಂದು ಏಳುತ್ತಿದ್ದ ನೆಲಗುಬ್ಬಿಗಳು ಮರಳಿ ಅಲ್ಲಿ ಗೂಡು ಕಟ್ಟಲಿಲ್ಲ. ಆ ಮುದುಕನ ಪ್ರಶ್ನೆಗೆ ಉತ್ತರವನ್ನು ಹುಡುಕುವದೇ ಈ ಲೇಖನದ ಉದ್ದೇಶವೆಂದು ವಾಚಕರು ತಿಳಿಯಬೇಕು.

ನಮ್ಮ ಸೀಮೆಗೆ ಬಂದ ಹೊರಗಿನವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: "ಇಲ್ಲೇನಿದೆ? ಬರೀ ಬಯಲು." ಈ ಮಾತನ್ನು ಕೇಳಿ ಕೇಳಿ ನಾವೂ ನಂಬಿಬಿಟ್ಟಿರುವೆವು. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ; ಈ ಮೂರು ಹೊಳೆಗಳ ಮಧ್ಯದಲ್ಲಿ ಹರಡಿದ ಎರೆಯ ನೆಲ ನಮ್ಮದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಕೇಳದ ಮಗು ಇಲ್ಲಿಲ್ಲ. ಸಹ್ಯಾದ್ರಿಯು ಮಳೆಮೋಡಗಳನ್ನು ಪಡುವಣದಲ್ಲಿಯೇ ತಡೆದುಬಿಡುವದರಿಂದ ವರ್ಷವೊಂದಕ್ಕೆ ಇಲ್ಲಿ ಬೀಳುವ ಸರಾಸರಿ ಮಳೆಯು ೬೦೦ ಮಿಲಿಮೀಟರನ್ನೂ ಮುಟ್ಟುವದಿಲ್ಲ. ಅದಾದರೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವದಿಲ್ಲ. ಇಂಥ ಕಡೆ ದಟ್ಟವಾದ ಅಡವಿಯು ತಾನಾಗಿ ಬೆಳೆಯುವದಿಲ್ಲ. ಎರೆಯ ಹೊಲಗಳನ್ನು ಬಿಟ್ಟರೆ ಮಡ್ಡಿಯ ಮೇಲೆಯೂ ಗಾಯರಾಣದಲ್ಲಿಯೂ ಬೆಳೆಯುವದು ಹುಲ್ಲು. ನಡುನಡುವೆ ಒಂದು ಬನ್ನಿ, ಒಂದು ಜಾಲಿ, ಒಂದು ಬಾರಿಯ ಕಂಟಿ. ಹುಲ್ಲಿನ ಜೀವವಿರುವದು ಬೇರಿನಲ್ಲಿ. ವೈಶಾಖದ ಬಿಸಿಲಿಗೆ ಮೇಲೆಲ್ಲ ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿದರೂ ಮೊದಲ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಅದು ಹಸುರಾಗಿ ನಿಲ್ಲುವದು. ಬರವನ್ನು ತಾಳಿ ಬದುಕುವ ವಿದ್ಯೆಯನ್ನು ಈ ನೆಲಕ್ಕೆ ಕಲಿಸಿದ್ದು ಮರವಲ್ಲ, ಹುಲ್ಲು.

ಈ ಹುಲ್ಲಿನ ಮನೆಯಲ್ಲಿ ವಾಸಿಸುವವರು ಯಾರು? ಮೊದಲನೆಯದು ಚಿಗರಿ. ಪುಸ್ತಕಗಳಲ್ಲಿ ಕೃಷ್ಣಮೃಗವೆಂದು ಬರೆಯುವದು ಇದನ್ನೇ. ಗಂಡಿಗೆ ಕಪ್ಪು ಮೈ, ಸುರುಳಿಯಾದ ನೀಳ ಕೊಂಬು. ಹೆಣ್ಣಿಗೆ ಕಂದು ಮೈ, ಕೊಂಬಿಲ್ಲ. ಇದರ ರಕ್ಷಣೆಯೆಲ್ಲವೂ ಕಣ್ಣಿನಲ್ಲಿ, ಓಟದಲ್ಲಿ. ವೈರಿಯನ್ನು ಮೈಲಿ ದೂರದಿಂದ ಕಂಡು ಗಾಳಿಯಂತೆ ಓಡಿಹೋಗುವ ಈ ಪ್ರಾಣಿಗೆ ದಟ್ಟವಾದ ಗಿಡಗಳ ನಡುವೆ ಬದುಕಲು ಬಾರದು. ಎರಡನೆಯದು ತೋಳ. ಭಾರತದ ತೋಳವು ಹಿಮದ ನಾಡಿನ ತೋಳಕ್ಕಿಂತ ಗಾತ್ರದಲ್ಲಿ ಚಿಕ್ಕದು, ಬಯಲಿಗೇ ಹುಟ್ಟಿದ್ದು. ದೇಶದಲ್ಲೆಲ್ಲ ಸೇರಿಸಿದರೆ ಅವುಗಳ ಸಂಖ್ಯೆಯು ಮೂರು ಸಾವಿರದ ಆಸುಪಾಸಿನಲ್ಲಿ ಇರುವದೆಂದು ತಿಳಿದವರ ಅಂದಾಜು. ಹುಲಿಯ ಹೆಸರಿನಲ್ಲಿ ಸಭೆ ಸಮಾರಂಭಗಳು ನಡೆಯುತ್ತಿರುವಾಗ, ಹೆಚ್ಚು ಕಡಿಮೆ ಹುಲಿಯಷ್ಟೇ ವಿರಳವಾದ ತೋಳವನ್ನು ಕೇಳುವವರಿಲ್ಲ.

ಮೂರನೆಯದನ್ನು ನಮ್ಮ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡಬಲ್ಲರು. ಅದು ಎರೆಭೂತವೆಂದೂ ಹೆಬ್ಬಕವೆಂದೂ ಕರೆಯಲ್ಪಡುವ ದೊಡ್ಡ ಹಕ್ಕಿ. ನಿಂತರೆ ಸುಮಾರು ಒಂದು ಮೀಟರು ಎತ್ತರ. ಗಂಡು ಹಕ್ಕಿ ೧೫ ಕಿಲೋಗ್ರಾಮಿನವರೆಗೂ ತೂಗುವದುಂಟು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ತೂಕದವು ಲೋಕದಲ್ಲಿಯೇ ಅಪರೂಪ. ಇದು ಗೂಡು ಕಟ್ಟುವದಿಲ್ಲ. ಬಯಲಿನ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುವದು. ಒಂದು ಕಾಲಕ್ಕೆ ದಖ್ಖನದ ಈ ಬಯಲುಗಳೆಲ್ಲ ಅದರ ತವರಾಗಿದ್ದವು. ಇಂದು ಅಡವಿಯಲ್ಲಿ ಸ್ವತಂತ್ರವಾಗಿ ಬದುಕಿರುವ ಎರೆಭೂತಗಳು ದೇಶದಲ್ಲೆಲ್ಲ ಎಣಿಸಿದರೂ ಇನ್ನೂರನ್ನು ದಾಟಲಾರವು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿರುವವು. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಕಂಡದ್ದುಂಟು. ೨೦೧೧ರಲ್ಲಿಯೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇವಲ್ಲದೆ ಗೌಜಲ ಹಕ್ಕಿ, ನೆಲಗುಬ್ಬಿ, ನರಿ, ಮೊಲ ಎಲ್ಲವೂ ಈ ಹುಲ್ಲನ್ನೇ ನೆಚ್ಚಿಕೊಂಡಿರುವವು. ನಮ್ಮ ರಾಜ್ಯದ ಪಕ್ಷಿಯೆಂದು ಗೌರವಿಸುವ ನೀಲಕಂಠವೂ ತೆರೆದ ಬಯಲಿನ ಹಕ್ಕಿಯೇ. ಅದೂ ಕಡಿಮೆಯಾಗುತ್ತ ನಡೆದಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ಎಚ್ಚರಿಸಿರುವದು.

ಇಷ್ಟು ಜೀವಗಳಿಗೆ ಆಶ್ರಯವಾದ ನೆಲಕ್ಕೆ ನಾವು ಇಟ್ಟಿರುವ ಹೆಸರು ಯಾವದು? ಪಾಳುಭೂಮಿ. ಉತ್ತು ಬಿತ್ತದ ನೆಲ, ಕಂದಾಯ ಬಾರದ ನೆಲವೆಲ್ಲ ಪಾಳು ಎಂಬ ಎಣಿಕೆಯು ಪರಕೀಯರ ಆಳಿಕೆಯಲ್ಲಿ ಬೇರೂರಿತು. ಸ್ವರಾಜ್ಯ ಬಂದ ಮೇಲೆಯೂ ಅಳಿಯಲಿಲ್ಲ. ೧೯೮೫ರಲ್ಲಿ ಪಾಳುಭೂಮಿಯ ಅಭಿವೃದ್ಧಿಗೆಂದೇ ಒಂದು ರಾಷ್ಟ್ರೀಯ ಮಂಡಳಿ ಸ್ಥಾಪಿತವಾಯಿತು. ಸರಕಾರವು ಹೊರತಂದ ಪಾಳುಭೂಮಿಯ ನಕಾಶೆಗಳಲ್ಲಿ ಕುರುಚಲು ಕಂಟಿಯ ಬಯಲುಗಳೂ ಸೇರಿಕೊಂಡವು. ಹೆಸರು ಸಣ್ಣದೆಂದು ಅಲಕ್ಷಿಸಬಾರದು. ಪಾಳು ಎಂದೊಡನೆ ಅದನ್ನು 'ಉದ್ಧಾರ' ಮಾಡಲು ಎಲ್ಲರೂ ಮುಂದೆ ಬರುವರು. ಒಬ್ಬರು ಗಿಡ ನೆಡುವರು, ಒಬ್ಬರು ಕಲ್ಲು ಒಡೆಯುವರು, ಒಬ್ಬರು ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳನ್ನು ಹಾಸುವರು. ಯಾರೂ ತಪ್ಪು ಮಾಡುತ್ತಿರುವೆವೆಂದು ತಿಳಿಯರು. ಅಲ್ಲಿ ಏನೂ ಇಲ್ಲವೆಂದು ಕಾಗದವೇ ಹೇಳುತ್ತಿರುವದಲ್ಲ!

ಇದರ ಫಲವನ್ನು ನಮ್ಮ ನಾಡಿನಲ್ಲಿಯೇ ನೋಡಬಹುದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿ ೧೧೯ ಚದರ ಕಿಲೋಮೀಟರಿನ ಅಭಯಾರಣ್ಯವು ಸ್ಥಾಪಿತವಾಯಿತು. ಎರೆಭೂತವೂ ಅಲ್ಲಿ ವಾಸವಾಗಿತ್ತು. ಆದರೆ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿಯ ತೋಪುಗಳು ಎದ್ದವು. ಚಿಗರಿಯು ಹೇಗೋ ಹೊಂದಿಕೊಂಡು, ಸುತ್ತಣ ಹೊಲಗಳಲ್ಲಿ ಮೇಯುವದನ್ನು ಕಲಿತು ಹೆಚ್ಚಿತು, ಎರೆಭೂತವು ಇಲ್ಲವಾಯಿತು. ಇಂಡಿಯಿಂದ ಭೀಮೆಯನ್ನು ದಾಟಿದರೆ ಸಿಗುವ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ೧೯೭೯ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯವನ್ನು ಮಾಡಿದರು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಒಂದೆರಡು ಹಕ್ಕಿ ಕಂಡರೆ ಅದೇ ಒಂದು ಸುದ್ದಿ. ಒಳ್ಳೆಯ ಉದಾಹರಣೆಯೂ ಉಂಟು. ತುಮಕೂರು ಜಿಲ್ಲೆಯ ಮಧುಗಿರಿ ತಾಲೂಕಿನ ಮೈದನಹಳ್ಳಿಯ ಬಳಿ ೭೯೮ ಎಕರೆ ಹುಲ್ಲುಬಯಲನ್ನು ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಸಾರಿದರು. ಚಿಗರಿಯ ಹಿಂಡುಗಳು ಅಲ್ಲಿ ಇಂದಿಗೂ ಇರುವವು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವೊಂದು ಏರ್ಪಟ್ಟಿದೆ. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಇವೇ ಸಾಕ್ಷಿ.

ಹುಲ್ಲನ್ನು ತುಚ್ಛವಾಗಿ ಕಂಡವರು ನಾವು ಮಾತ್ರವಲ್ಲ. ಅಮೇರಿಕಾ ದೇಶದ ನಡುನಾಡಿನ ಹುಲ್ಲುಗಾವಲುಗಳಲ್ಲಿ ಕೋಟಿಗಟ್ಟಲೆ ಕಾಡೆಮ್ಮೆಗಳು ಮೇಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನವು ಮುಗಿಯುವಷ್ಟರಲ್ಲಿ ಅವು ಒಂದು ಸಾವಿರವಾದರೂ ಉಳಿದಿದ್ದವೋ ಇಲ್ಲವೋ ಎಂಬಂತಾಯಿತು. ಆಮೇಲೆ ಆ ಹುಲ್ಲನ್ನು ಕಿತ್ತು ಎಲ್ಲಾ ಕಡೆ ಗೋದಿ ಬಿತ್ತಿದರು. ೧೯೩೦ರ ದಶಕದಲ್ಲಿ ಬರ ಬಿದ್ದಾಗ ಮಣ್ಣನ್ನು ಹಿಡಿಯಲು ಬೇರುಗಳಿರಲಿಲ್ಲ. ೧೯೩೫ರ ಏಪ್ರಿಲ್ ೧೪ರಂದು ಎದ್ದ ಧೂಳಿನ ಬಿರುಗಾಳಿಯು ಹಗಲನ್ನೇ ಇರುಳಾಗಿಸಿತು. ಲಕ್ಷಾಂತರ ಜನರು ಮನೆ ಮಾರು ಬಿಟ್ಟು ವಲಸೆ ಹೋದರು. ಇಂಗ್ಲೆಂಡಿನಲ್ಲಿ ನಮ್ಮ ಎರೆಭೂತದ ದಾಯಾದಿಯಾದ ಹಕ್ಕಿಯು ೧೮೩೨ರ ಸುಮಾರಿಗೆ ನಾಮಶೇಷವಾಯಿತು. ೧೭೦ ವರ್ಷಗಳ ಮೇಲೆ, ೨೦೦೪ರಿಂದ, ಪರದೇಶದಿಂದ ಮರಿಗಳನ್ನು ತಂದು ಸಾಲ್ಸ್‌ಬರಿಯ ಬಯಲಿನಲ್ಲಿ ಬಿಡುತ್ತ, ಬಹು ಕಷ್ಟದಿಂದ ಅದನ್ನು ಮತ್ತೆ ನೆಲೆಗೊಳಿಸಬೇಕಾಯಿತು. ನಮ್ಮಲ್ಲಿಯೂ ಈಗ ರಾಜಸ್ಥಾನದ ಜೈಸಲ್ಮೇರಿನ ಬಳಿ ಎರೆಭೂತದ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುತ್ತಿರುವರು. ವಿಜ್ಞಾನದ ಈ ಸಾಹಸಕ್ಕೆ ನಮ್ಮ ಗೌರವವುಂಟು. ಆದರೆ ನಮ್ಮದೊಂದು ಪ್ರಶ್ನೆ: ಮರಿಗಳು ಬೆಳೆದು ಹಕ್ಕಿಗಳಾದ ಮೇಲೆ ಅವುಗಳನ್ನು ಬಿಡಲು ಬಯಲು ಎಲ್ಲಿ ಉಳಿದಿರುವದು?

ಇಲ್ಲಿ ಪಾಲಕರಲ್ಲಿ ಕೆಲವರು ನಮ್ಮನ್ನು ತಡೆದು ಕೇಳಬಹುದು: "ಗಿಡ ನೆಡುವದು ಪಾಪವೆಂದು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವಿರಾ? ರಾಜ್ಯದಲ್ಲಿಯೇ ಅರಣ್ಯವು ಅತಿ ಕಡಿಮೆಯಾದ ಜಿಲ್ಲೆಗಳಲ್ಲಿ ನಮ್ಮದೊಂದು. ನೆರಳಿಲ್ಲದೆ ಬೇಯುತ್ತಿರುವೆವು." ಈ ಮಾತು ನ್ಯಾಯವಾದದ್ದು. ವಿಜಯಪುರ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವೆಂಬ ಹೆಸರಿನಿಂದ ನಡೆದ ಕಾರ್ಯವನ್ನು ನಾವು ಮೆಚ್ಚುವೆವು. ದಾರಿಯ ಎರಡು ಬದಿಗೆ, ಹೊಲದ ಬದುವಿಗೆ, ಕೆರೆಯ ದಂಡೆಗೆ, ಕಾಲುವೆಯ ಪಕ್ಕಕ್ಕೆ, ಶಾಲೆಯ ಅಂಗಳಕ್ಕೆ ಬೇವು, ಹುಣಸೆ, ಆಲ, ಬನ್ನಿಗಳನ್ನು ಎಷ್ಟು ನೆಟ್ಟರೂ ಕಡಿಮೆಯೇ. ನಾವು ಬೇಡವೆನ್ನುವದು ಇಷ್ಟನ್ನೇ: ಹುಲ್ಲಿನ ನೆಲವನ್ನು ಅಗೆದು ಅಲ್ಲಿ ತೋಪು ಮಾಡಬಾರದು. ಮರಗಳು ಗಾಳಿಯಲ್ಲಿಯ ಇಂಗಾಲವನ್ನು ಹೀರಿ ಲೋಕದ ಬಿಸಿಯನ್ನು ತಗ್ಗಿಸುವವೆಂಬ ಮಾತು ನಿಜ. ಹುಲ್ಲೂ ಅದೇ ಕೆಲಸವನ್ನು ಮಾಡುವದು. ಆದರೆ ಮರವು ಕಾಂಡದಲ್ಲಿ ಕೂಡಿಡುವದನ್ನು ಹುಲ್ಲು ಹೆಚ್ಚಾಗಿ ಮಣ್ಣಿನೊಳಗೆ ಕೂಡಿಡುವದು. ಮರಕ್ಕೆ ಬೆಂಕಿ ಬಿದ್ದರೆ, ಕೊಡಲಿ ಬಿದ್ದರೆ ಆ ಗಂಟು ಕರಗಿತು. ಹುಲ್ಲಿನ ಮೇಲೆ ಬೆಂಕಿ ಹಾಯ್ದರೂ ನೆಲದೊಳಗಿನ ಗಂಟು ಉಳಿಯುವದು. ಅಲ್ಲದೆ ಮಳೆ ಕಡಿಮೆಯಾದ ಕಡೆ ದಟ್ಟವಾಗಿ ನೆಟ್ಟ ನೀಲಗಿರಿಯಂಥ ಮರಗಳು ನೆಲದ ತೇವವನ್ನು ಹುಲ್ಲಿಗಿಂತ ಹೆಚ್ಚಾಗಿ ಹೀರಿಬಿಡುವವು. ನೀರಿಗೆ ಬಾಯಿಬಿಡುವ ನಾಡಿನಲ್ಲಿ ಇದನ್ನು ಮರೆಯಬಾರದು.

ಎರಡನೆಯ ಆಕ್ಷೇಪವು ಇನ್ನೂ ಭಾರವಾದದ್ದು. ಅದನ್ನು ಎತ್ತುವವರು ನಮ್ಮ ಒಕ್ಕಲಿಗ ಬಂಧುಗಳು. ರಾತ್ರಿ ಬೆಳಗಾಗುವಷ್ಟರಲ್ಲಿ ಕಡಲೆಯ ಸಸಿಗಳನ್ನು ಚಿಗರಿಯ ಹಿಂಡು ಮೇಯ್ದುಹೋದರೆ ಆ ಮನೆಯ ಹೆಣ್ಣುಮಗಳ ಶಾಲೆಯ ಶುಲ್ಕಕ್ಕೂ ಕುತ್ತು ಬರುವದೆಂಬುದನ್ನು ನಾವು ಬಲ್ಲೆವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರಿಯನ್ನು ಕೊಲ್ಲುವದನ್ನು ನಿಷೇಧಿಸಿರುವದು; ಒಳ್ಳೆಯದೇ ಆಯಿತು. ಆದರೆ ಲೋಕದ ಹಿತಕ್ಕಾಗಿ ಒಂದು ಪ್ರಾಣಿಯನ್ನು ಉಳಿಸಬೇಕಾದರೆ ಅದರ ಹೊರೆಯನ್ನು ಬಡ ಒಕ್ಕಲಿಗನೊಬ್ಬನ ತಲೆಯ ಮೇಲೆ ಹೊರಿಸುವದು ಧರ್ಮವಲ್ಲ. ನಷ್ಟಕ್ಕೆ ಸರಿಯಾದ ಪರಿಹಾರವು ಬೆಳೆ ಕಳೆದ ವರ್ಷವೇ ಕೈಸೇರಬೇಕು. ಅರ್ಜಿ ಹಿಡಿದು ಅಲೆಯುವಂತಾಗಬಾರದು. ಮತ್ತೊಂದು ಮಾತನ್ನೂ ಒಕ್ಕಲಿಗರು ಯೋಚಿಸಬೇಕು. ಚಿಗರಿ ಹೊಲಕ್ಕೆ ಬಂದದ್ದೇಕೆ? ಮೇಯುವ ಹುಲ್ಲುಬಯಲು ಇಲ್ಲದಾದದ್ದರಿಂದ. ಅದರ ಸಂಖ್ಯೆಯನ್ನು ಹದದಲ್ಲಿಡುತ್ತಿದ್ದ ತೋಳವನ್ನು ನಾವು ಹೊಗೆ ಹಾಕಿ, ವಿಷವಿಟ್ಟು ಕೊಂದದ್ದರಿಂದ. ದಖ್ಖನದ ಹಳೆಯ ಕುರಿಗಾರರಲ್ಲಿ, ತೋಳವು ಒಂದು ಮರಿಯನ್ನು ಒಯ್ದರೆ ತನ್ನ ಪಾಲನ್ನು ಒಯ್ಯಿತೆಂದು ಸಮಾಧಾನ ತಂದುಕೊಳ್ಳುವವರಿದ್ದರು. ಆ ಔದಾರ್ಯವನ್ನು ಎಲ್ಲರಿಂದಲೂ ಬೇಡುವ ಹಕ್ಕು ನಮಗಿಲ್ಲ. ಆದರೆ ಅದು ಮೂಢತನವಾಗಿರಲಿಲ್ಲ, ಲೆಕ್ಕ ಬಲ್ಲವರ ಮಾತಾಗಿತ್ತು.

ಮೂರನೆಯದು ನೀರು ಬೆಳಕುಗಳ ಮಾತು. ೧೯೬೪ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ದಿನದಿಂದ ನಮ್ಮ ಜನರು ಕಾದ ನೀರು ಈಗ ಕಾಲುವೆಗಳಲ್ಲಿ ಹರಿಯುತ್ತಿರುವದು. ಇಂಡಿಯ ನಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಕೃಷ್ಣೆಯ ಹಿನ್ನೀರಿಗೆ ಅತಿಥಿಗಳಾಗುವದೂ ಆ ನೀರಿನ ಕೃಪೆಯೇ. ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ ೨೪೦೦ ಮೆಗಾವಾಟಿನ ವಿದ್ಯುತ್ ಸ್ಥಾವರ ನಿಂತಿರುವದು; ಮಡ್ಡಿಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವವು. ಇವು ಬೇಡವೆನ್ನಲು ನಾವು ಮೂರ್ಖರಲ್ಲ. ಆದರೆ ನೀರು ಬಂದೊಡನೆ ಉಳಿದ ಹುಲ್ಲಿನ ತುಣುಕುಗಳ ಮೇಲೆಯೂ ನೇಗಿಲು ಹಾಯುವದು. ತಂತಿ ಎಳೆದೊಡನೆ ಹಕ್ಕಿಗೆ ಅಪಾಯ ಬರುವದು. ಎರೆಭೂತಕ್ಕೆ ಎದುರಿಗಿರುವ ತಂತಿ ಸುಲಭವಾಗಿ ಕಾಣುವದಿಲ್ಲ. ಕಂಡಾಗ ಅಷ್ಟು ಭಾರದ ಮೈಯನ್ನು ತಟ್ಟನೆ ಹೊರಳಿಸಲಾಗುವದಿಲ್ಲ. ಇದೇ ಕಾರಣದಿಂದ ೨೦೨೧ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನ, ಗುಜರಾತುಗಳಲ್ಲಿ ಆ ಹಕ್ಕಿಯ ನೆಲೆಗಳಲ್ಲಿಯ ತಂತಿಗಳ ವಿಷಯವಾಗಿ ಕಟ್ಟಪ್ಪಣೆ ಮಾಡಿತು. ೨೦೨೪ರ ಮಾರ್ಚಿನಲ್ಲಿ ಅದನ್ನು ಸಡಿಲಿಸಿ ಪರಿಣತರ ಸಮಿತಿಯೊಂದಕ್ಕೆ ವಿಷಯವನ್ನು ಒಪ್ಪಿಸಿತು. ಎರಡೂ ಒಳ್ಳೆಯ ಉದ್ದೇಶಗಳು ಒಂದಕ್ಕೊಂದು ಎದುರಾದಾಗ ಎಷ್ಟು ಎಚ್ಚರ ಬೇಕೆಂಬುದನ್ನು ಇದರಿಂದ ತಿಳಿಯಬಹುದು. ಕಾರ್ಯಕ್ಕೆ ಮೊದಲು ಸ್ಥಳವನ್ನು ಆರಿಸುವಾಗ 'ಇಲ್ಲಿ ಏನೂ ಇಲ್ಲ' ಎಂಬ ಮಾತನ್ನು ಪರೀಕ್ಷಿಸದೆ ಬರೆಯಬಾರದು. ನಮ್ಮ ಬೇಡಿಕೆ ಇಷ್ಟೇ.

ಹಾಗಾದರೆ ಗೃಹಿಣಿಯರೂ ಉದ್ಯೋಗಸ್ಥೆಯರೂ ಆದ ನಾವು ಏನು ಮಾಡಬಲ್ಲೆವು? ಬಹಳ ಮಾಡಬಲ್ಲೆವು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತವರು ಅಲ್ಲಿಯೂ ಕುಳಿತುಕೊಳ್ಳಬಹುದು. ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಊರಿನ ಗಿಡ, ಹುಲ್ಲು, ಪ್ರಾಣಿ, ಪಕ್ಷಿಗಳ ದಾಖಲೆಯ ಪುಸ್ತಕವೂ ಇರಬೇಕು. ನಿಮ್ಮ ಊರಿನಲ್ಲಿ ಆ ಪುಸ್ತಕವನ್ನು ಕೇಳಿ ನೋಡಿರಿ. ಅದರಲ್ಲಿ ಗಾಯರಾಣದ ಹೆಸರುಂಟೇ, ಅಲ್ಲಿಯ ಹುಲ್ಲಿನ ಹೆಸರುಂಟೇ, ಚಿಗರಿ ಮರಿ ಹಾಕುವ ಜಾಗದ ಗುರುತುಂಟೇ ಎಂದು ವಿಚಾರಿಸಿರಿ. ಇಲ್ಲದಿದ್ದರೆ ಹಿರಿಯರಿಂದಲೂ ಕುರಿಗಾರರಿಂದಲೂ ಕೇಳಿ ಬರೆಯಿಸಿರಿ. ಬರೆದಿಟ್ಟ ನೆಲವನ್ನು ಪಾಳೆಂದು ಕರೆಯುವದು ಕಷ್ಟ. ಗಾಯರಾಣವನ್ನು ಯಾರಾದರೂ ಕಬಳಿಸಿದ್ದರೆ, ಊರ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಎಲ್ಲಾ ರಾಜ್ಯಗಳಿಗೂ ಆಜ್ಞೆಯಿತ್ತಿರುವದನ್ನು ನೆನಪಿಸಿರಿ. ಹುಲ್ಲನ್ನು ನುಂಗುತ್ತಿರುವ ಬಳ್ಳಾರಿ ಜಾಲಿಯನ್ನು ಕಡಿಯಿಸಿರಿ. ಉರುವಲೂ ಆಗುವದು, ಹುಲ್ಲೂ ಬರುವದು. ಊರ ಬೀಡಾಡಿ ನಾಯಿಗಳು ಚಿಗರಿಯ ಮರಿಗಳನ್ನು ಹರಿದು ತಿನ್ನುತ್ತಿರುವದರಿಂದ ಅವುಗಳ ಸಂತಾನವನ್ನು ತಡೆಯುವ ಏರ್ಪಾಟನ್ನು ಮಾಡಿಸಿರಿ. ಶಾಲೆಯ ಹುಡುಗಿಯರನ್ನು ಮಳೆಗಾಲದಲ್ಲಿ ಒಂದು ದಿನ ಗಿಡ ನೆಡಲು ಕರೆದೊಯ್ದರೆ, ಇನ್ನೊಂದು ದಿನ ಹುಲ್ಲನ್ನು ನೋಡಲು ಕರೆದೊಯ್ಯಿರಿ. ಒಂದು ಮಾರು ಅಗಲದ ನೆಲದಲ್ಲಿ ಎಷ್ಟು ಬಗೆಯ ಹುಲ್ಲು, ಎಷ್ಟು ಬಗೆಯ ಹುಳು ಎಂದು ಎಣಿಸಿ ಬರೆಯಲು ಹೇಳಿರಿ. ಇದಕ್ಕೆ ಹಣ ಬೇಕಿಲ್ಲ; ಪುಸ್ತಕದಲ್ಲಿ ಸಿಗದ ವಿಜ್ಞಾನವು ಕಣ್ಣಿಗೆ ಸಿಗುವದು.

ವಿಶ್ವಸಂಸ್ಥೆಯು ೨೦೨೬ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿರುವದು. ಲೋಕದ ದೊಡ್ಡ ಸಭೆಗೆ ಈಗ ಹೊಳೆದ ಮಾತನ್ನು ನಮ್ಮ ಗಾಯರಾಣದ ಅಂಚಿನಲ್ಲಿ ಕೋಲೂರಿ ನಿಂತ ಮುದುಕನೊಬ್ಬನು ಎಂದೋ ಕೇಳಿದ್ದನು. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿ ಸಕಲ ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಬೋಧಿಸಿದ ಬಸವಣ್ಣನವರ ನೆಲವಿದು. ಆ ದಯೆಯು ನೆರಳು ಕೊಡುವ ಮರಕ್ಕೆ ಮಾತ್ರ ಮೀಸಲಲ್ಲ. ಕಾಲ ಕೆಳಗಿನ ಹುಲ್ಲಿಗೂ ಸಲ್ಲಬೇಕು.

ನಾವು ನೆಟ್ಟ ನೀಲಗಿರಿಯ ಗಿಡಗಳನ್ನು ಈಗ ನಾವೇ ಕಿತ್ತುಹಾಕಲಾರೆವು. ಮುದುಕನೂ ಇಂದು ಬದುಕಿರಲಿಕ್ಕಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಸಸಿ ಹಿಡಿದು ಸಾಲಾಗಿ ಹೊರಡುವಾಗ, ನೆಡುವ ಮೊದಲು ಒಂದು ಗಳಿಗೆ ನಿಂತು, "ಇಲ್ಲಿ ಮೊದಲು ಯಾರಿದ್ದಾರೆ?" ಎಂದು ಕೇಳುವದನ್ನು ಕಲಿತರೆ ನಮ್ಮ ತಪ್ಪಿಗೆ ಅಷ್ಟಾದರೂ ಪ್ರಾಯಶ್ಚಿತ್ತವಾದೀತು. ಸಹೋದರಿಯರೂ ಪಾಲಕರೂ ಈ ಕಾರ್ಯದಲ್ಲಿ ನಮಗೆ ನೆರವಾಗಬೇಕೆಂದು ವಿನಂತಿಸಿ, ಈ ಲೇಖನವನ್ನು ಇಲ್ಲಿಗೆ ಮುಗಿಸುವೆವು.